ನಮ್ಮ ಕಡೆ ಮೊದಲ ಕೋವಿ ಯಾಕೆ ಯಾವಾಗಲೂ ಸೆಕೆಂಡ್ ಹ್ಯಾಂಡ್?

ಭಾಗ 1

ಕ್ಲಾಸಲ್ಲಿ ಕೊಡಗು, ಸಕಲೇಶಪುರ, ಮೂಡಿಗೆರೆ, ಸುಳ್ಯದ ಕಡೆಯವರು ಇದ್ದರೆ ಸುಮ್ನೆ ಒಂದು ಪ್ರಶ್ನೆ ಕೇಳಿ ನೋಡಿ: "ನಿಮ್ಮನೆ ಕೋವಿ ಹೊಸದಾಗಿ ತಗೊಂಡಿದ್ದಾ?" ಹೆಚ್ಚಿನವರು ನಗ್ತಾರೆ. ಅಜ್ಜನ ಕಾಲದ್ದು ಅಂತಾರೆ, ತೋಟದ ದೊರೆ ಊರಿಗೆ ಹೋಗುವಾಗ ಮಾರಿದ್ದು ಅಂತಾರೆ, ಯಾರೋ ಲೈಸೆನ್ಸ್ ಬಿಟ್ಟಾಗ ಅಂಗಡಿಗೆ ಬಂದದ್ದು ಅಂತಾರೆ. ಲೈಸೆನ್ಸ್ ಇವತ್ತು ಸಿಕ್ಕಿದ್ದರೂ ಕೋವಿ ಮಾತ್ರ ಐವತ್ತು, ಎಂಬತ್ತು, ಕೆಲವು ಸಲ ನೂರು ವರ್ಷ ಹಳೇದು.

ದುಡ್ಡು ಸಾಲದೆ ಹಳೇದು ಹುಡುಕ್ತಾರೆ ಅನ್ನೋದು ಅರ್ಧ ನಿಜ. ಇನ್ನರ್ಧ ಏನಂದ್ರೆ, ಹಳೇದೇ ಸಿಗೋ ಹಾಗೆ ನೂರೈವತ್ತು ವರ್ಷದ ಕಾನೂನುಗಳು ಮಾಡಿಟ್ಟಿವೆ. ಅದೇ ಹಳೇ ಕೋವಿ ನೆಟ್ಟಗೆ ಕೆಲಸ ಮಾಡುತ್ತೋ, ಹಿಡಿದವನ ಕೈಯನ್ನೇ ಒಯ್ಯುತ್ತೋ ಅನ್ನೋದು ನಳಿಗೆಯ ಅಡಿಯಲ್ಲಿ ಕೊರೆದಿರೋ ನಾಲ್ಕೈದು ಪುಟ್ಟ ಗುರುತುಗಳಲ್ಲಿರುತ್ತೆ. ಆ ಗುರುತು ಓದೋಕೆ ಇತಿಹಾಸ ಗೊತ್ತಿರಬೇಕು. ಈ ಸರಣಿ ಅದಕ್ಕೇ.

ಮೊದಲೇ ಹೇಳಿಬಿಡ್ತೀನಿ: 21 ತುಂಬದವರಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲ. ಓದ್ತಾ ಇರೋರಲ್ಲಿ ಬಹಳಷ್ಟು ಜನ ಅದಕ್ಕಿಂತ ಚಿಕ್ಕವರು, ಗೊತ್ತು. ಓದೋಕೆ ಲೈಸೆನ್ಸ್ ಬೇಡ. ಫೋಟೋಗಳಲ್ಲಿ ನಂಬರ್ ಮುಚ್ಚಿದ್ದೀನಿ, ಮಾಲೀಕರು ಯಾರು ಅಂತ ಮೆಸೇಜ್ ಮಾಡಿ ಕೇಳಬೇಡಿ.

ಭಾಗ 2

ಹಲಗಲಿ ನೆನಪಿದೆಯಲ್ಲಾ? ಕನ್ನಡ ಪಠ್ಯದಲ್ಲಿ ಲಾವಣಿ ಓದಿ, ಪ್ರಶ್ನೋತ್ತರ ಬರೆದು, ಮರೆತುಬಿಟ್ಟಿರ್ತೀವಿ. ಆ ಲಾವಣಿ ಯಾವುದರ ಬಗ್ಗೆ ಅಂತ ಈಗ ಇನ್ನೊಂದು ಸಲ ಯೋಚಿಸಿ. ಅದು ಆಯುಧ ಲೈಸೆನ್ಸಿನ ಕಥೆ.

1857ರಲ್ಲಿ ಉತ್ತರದಲ್ಲಿ ದಂಗೆ ಎದ್ದ ಮೇಲೆ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯುವ ಕಾಯ್ದೆ ತಂದರು. ಇದ್ದದ್ದನ್ನು ಒಪ್ಪಿಸಿ, ಬೇಕಿದ್ದರೆ ಪರವಾನಗಿ ಕೇಳಿ ಅನ್ನೋದು ಅದರ ಸಾರ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಆಯುಧ ಅಂದರೆ ಬೇಟೆ, ಕಾವಲು, ಹೊಟ್ಟೆಪಾಡು, ಮರ್ಯಾದೆ ಎಲ್ಲಾ ಒಂದೇ. ಕೊಡಲ್ಲ ಅಂದರು. ನವೆಂಬರಿನಲ್ಲಿ ಕುದುರೆ ದಂಡು ಬಂತು, ಊರಿಗೆ ಬೆಂಕಿ ಬಿತ್ತು, ಹೋರಾಡಿದವರಲ್ಲಿ ಅನೇಕರು ಅಲ್ಲೇ ಸತ್ತರು. ಸೆರೆಸಿಕ್ಕವರಲ್ಲಿ 19 ಜನರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಜಡಗ, ಬಾಲ, ಹನುಮ, ರಾಮ ಅನ್ನೋ ಹೆಸರುಗಳು ಲಾವಣಿಯಿಂದಲೇ ನಮ್ಮ ತನಕ ಬಂದಿವೆ. ಅದನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಅನ್ನೋ ಇಂಗ್ಲಿಷ್ ಅಧಿಕಾರಿ. ವಿಚಿತ್ರ, ಆದರೆ ನಿಜ.

ಈಗ ಮಡಿಕೇರಿಗೆ ಬನ್ನಿ. 1861ರ ಫೆಬ್ರವರಿ, ಅಂದರೆ ಹಲಗಲಿ ಆಗಿ ಮೂರೂಕಾಲು ವರ್ಷ. ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಒಂದು ಆದೇಶ ಹೊರಡಿಸ್ತಾನೆ. ಹೌದು, ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್. ಕೊಡವರು ನಿಷ್ಠರು, ಧೈರ್ಯಶಾಲಿಗಳು, ಆದ್ದರಿಂದ ಆಯುಧ ಕಸಿಯುವ ಕಾಯ್ದೆ ಅವರಿಗೆ ಅನ್ವಯಿಸೋದಿಲ್ಲ ಅಂತ ಅದರ ತಾತ್ಪರ್ಯ. ಹಲಗಲಿಯವರು ಯಾವುದಕ್ಕಾಗಿ ಸತ್ತರೋ ಅದೇ ವಸ್ತುವನ್ನು ಇಲ್ಲಿ ಬಹುಮಾನವಾಗಿ ಕೊಟ್ಟರು. ಕೊಡವರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಕೈಲ್ ಪೋಳ್ದ್ ದಿನ ಕೋವಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡೋದು, ಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು ಗುಂಡು ಹಾರಿಸೋದು, ಇವೆಲ್ಲ ಕಬ್ಬನ್ ಕೊಟ್ಟ ಸಂಪ್ರದಾಯ ಅಲ್ಲವೇ ಅಲ್ಲ. ಆದರೆ ಯಾರ ಸಂಪ್ರದಾಯ ಉಳಿಯಬೇಕು, ಯಾರದ್ದು ಸುಟ್ಟುಹೋಗಬೇಕು ಅಂತ ಆರಿಸಿದ್ದು ಸರ್ಕಾರ.

ಆ ವಿನಾಯಿತಿ ಇವತ್ತಿಗೂ ಇದೆ. ಕೊಡವ ಜನಾಂಗದವರಿಗೂ, ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇದು ಅನ್ವಯ. 2019ರಲ್ಲಿ ಕೇಂದ್ರ ಸರ್ಕಾರ 2029ರ ತನಕ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿತು.

ಭಾಗ 3

ಉಳಿದವರಿಗೆ? ಲಿಟ್ಟನ್ ವೈಸ್‌ರಾಯ್ ಆಗಿದ್ದಾಗ 1878ರಲ್ಲಿ ಬಂದ ಆಯುಧ ಕಾಯ್ದೆ. ಅದೇ ವರ್ಷ ದೇಶಿ ಭಾಷೆಯ ಪತ್ರಿಕೆಗಳ ಬಾಯಿ ಕಟ್ಟುವ ಕಾಯ್ದೆಯೂ ಬಂತು ಅನ್ನೋದನ್ನ ಪರೀಕ್ಷೆಗೆ ಓದಿರ್ತೀರಿ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಅರ್ಥ ಆಗುತ್ತೆ. ಭಾರತೀಯನಿಗೆ ಕೋವಿ ಬೇಕಂದ್ರೆ ಪರವಾನಗಿ, ಯುರೋಪಿಯನ್ನನಿಗೆ ವಿನಾಯಿತಿ.

ಇಲ್ಲಿಂದ ಶುರುವಾಗುತ್ತೆ ನೋಡಿ ಸೆಕೆಂಡ್ ಹ್ಯಾಂಡ್ ಕಥೆ. ಒಳ್ಳೆಯ ಕೋವಿ ಹೊಸದಾಗಿ ತರಿಸಿಕೊಳ್ಳೋದು ಸಾಹೇಬರು, ರಾಜರು, ಜಮೀನ್ದಾರರು. ಅವರ ಕೈಯಿಂದ ಜಾರಿದ್ದು ಶಾನುಭೋಗರಿಗೆ, ಪಟೇಲರಿಗೆ, ಕಾಫಿ ತೋಟದ ರೈಟರಿಗೆ. ಅಲ್ಲಿಂದ ರೈತನ ಮನೆಯ ಅಟ್ಟಕ್ಕೆ. ಒಂದೊಂದು ಕೋವಿಗೂ ಮೂರು ನಾಲ್ಕು ಜನ ಒಡೆಯರು.

ಆ ಕೋವಿಗಳು ಬರ್ತಿದ್ದದ್ದು ಎಲ್ಲಿಂದ? ಲಂಡನ್ನಿನ ಪರ್ಡಿ, ಹಾಲೆಂಡ್ ಅಂಡ್ ಹಾಲೆಂಡ್ ಅರಮನೆಗಳ ಮಾತು, ಅದನ್ನ ಬಿಡಿ. ನಮ್ಮ ಕಡೆ ಜಾಸ್ತಿ ಕಾಣೋದು ಎರಡು ಊರಿನವು: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಬೆಲ್ಜಿಯಮ್ಮಿನ ಲಿಯೇಜ್. ಬರ್ಮಿಂಗ್‌ಹ್ಯಾಮಿನಲ್ಲಿ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯ ಆನ್ಸನ್ ಮತ್ತು ಡೀಲಿ ಅನ್ನೋ ಇಬ್ಬರು 1875ರಲ್ಲಿ 'ಬಾಕ್ಸ್ ಲಾಕ್' ಅನ್ನೋ ರಚನೆಗೆ ಪೇಟೆಂಟ್ ತಗೊಂಡರು. ಹೊರಗೆ ಎದ್ದು ಕಾಣುತ್ತಿದ್ದ ಕುದುರೆಗಳು ಒಳಗೆ ಹೋದವು, ಬಿಡಿಭಾಗ ಕಮ್ಮಿ ಆಯ್ತು, ಬೆಲೆ ಇಳಿಯಿತು. (ಕುದುರೆ ಅಂದ್ರೆ ಗೊತ್ತಲ್ಲ, ಬಿಲ್ಲು ಎಳೆದಾಗ ಹೊಡೆಯುವ ಆ ಸುತ್ತಿಗೆ. ಕುದುರೆ, ಈಡು, ಚರೆ ಇಂಥ ಮಾತುಗಳು ತೇಜಸ್ವಿ ಓದಿದವರಿಗೆ ಹೊಸದಲ್ಲ.) ಸಾಧಾರಣ ಮನುಷ್ಯನ ಕೈಗೆ ಎಟುಕುವ ಜೋಡುನಳಿಗೆ ಹುಟ್ಟಿದ್ದು ಹೀಗೆ. ಇವತ್ತು ಹಳೇ ಕೋವಿ ಅಂಗಡಿಯಲ್ಲಿ ಕುದುರೆ ಕಾಣದ ಜೋಡುನಳಿಗೆ ನೋಡಿದರೆ, ಅದು ಮುಕ್ಕಾಲು ಪಾಲು ಆ ಇಬ್ಬರ ಮೊಮ್ಮಗು.

ಲಿಯೇಜಿನವರು ಇನ್ನೂ ಅಗ್ಗಕ್ಕೆ ಮಾಡ್ತಿದ್ದರು, ಜೊತೆಗೆ ಸ್ವಲ್ಪ ಚಾಲಾಕಿ. 'ಡಬ್ಲ್ಯು. ರಿಚರ್ಡ್ಸ್' ಅಂತ ಕೊರೆದ ಬೆಲ್ಜಿಯಂ ಕೋವಿಗಳು ಲೋಕದ ತುಂಬ ಹರಡಿವೆ. ಅವಸರದಲ್ಲಿ ಓದಿದವನಿಗೆ ವೆಸ್ಟ್ಲಿ ರಿಚರ್ಡ್ಸ್ ಅನಿಸಲಿ ಅಂತ! ಮೆಜೆಸ್ಟಿಕ್‌ನಲ್ಲಿ ಒಂದಕ್ಷರ ಬದಲಿಸಿದ ಶೂ ಸಿಗಲ್ವಾ, ಹಾಗೇ. ಲಿಯೇಜಿನ ಎಲ್ಲ ಕೋವಿಯೂ ಕಳಪೆ ಅಂತಲ್ಲ, ಒಳ್ಳೆಯವೂ ಇವೆ. ಆದರೆ ನಳಿಗೆಯ ಮೇಲೆ ಬರೆದ ಹೆಸರನ್ನು ನಂಬಿ ದುಡ್ಡು ಕೊಡಬಾರದು. ಕಲ್ಕತ್ತಾ, ಮದ್ರಾಸಿನ ಅಂಗಡಿಗಳು ಬರ್ಮಿಂಗ್‌ಹ್ಯಾಮಿನಲ್ಲಿ ಮಾಡಿಸಿ ತಮ್ಮ ಹೆಸರು ಕೊರೆಸಿಕೊಳ್ತಿದ್ದದ್ದೂ ಉಂಟು. ಹೆಸರು ಮಾರಿದವನದ್ದಿರಬಹುದು, ಮಾಡಿದವನದ್ದೇ ಆಗಬೇಕಿಲ್ಲ.

ಭಾಗ 4

ಸ್ವಾತಂತ್ರ್ಯ ಬಂದರೆ ಇದೆಲ್ಲ ಹೋಗುತ್ತೆ ಅಂತ ಆಗಿನವರು ಅಂದುಕೊಂಡಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ನಿರ್ಣಯದಲ್ಲಿ ನಿಯಮಗಳಿಗೆ ಒಳಪಟ್ಟು ಆಯುಧ ಇಟ್ಟುಕೊಳ್ಳುವ ಹಕ್ಕೂ ಇತ್ತು. ನಿಜವಾಗಿ! 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನೇ ಸೇರಿಸಿ ಅಂತ ತಿದ್ದುಪಡಿ ತಂದವರು ಹೆಚ್.ವಿ. ಕಾಮತ್, ಹುಟ್ಟಿದ್ದು ನಮ್ಮ ಮಂಗಳೂರಲ್ಲಿ. ಅಂಬೇಡ್ಕರ್ ಒಪ್ಪಲಿಲ್ಲ. ತಿದ್ದುಪಡಿ ಬಿತ್ತು. ವಿಭಜನೆಯ ರಕ್ತ ಇನ್ನೂ ಆರಿರಲಿಲ್ಲ, ಆವತ್ತಿನ ದಿನಕ್ಕೆ ಅಂಬೇಡ್ಕರ್ ಹೇಳಿದ್ದೇ ಸರಿ ಅಂತ ನನಗನಿಸುತ್ತೆ. ನಿಮಗೆ ಬೇರೆ ಅನಿಸಿದರೆ ಕಾಮೆಂಟಲ್ಲಿ ಜಗಳಕ್ಕೆ ಬನ್ನಿ, ಆದರೆ ಚರ್ಚೆ ಓದಿಕೊಂಡು ಬನ್ನಿ.

1959ರಲ್ಲಿ ಹೊಸ ಆಯುಧ ಕಾಯ್ದೆ ಆಯ್ತು. ಅದರ 13ನೇ ಸೆಕ್ಷನ್ ಹಳ್ಳಿಯವರ ಪಾಲಿಗೆ ಬಹಳ ಮುಖ್ಯ. 20 ಇಂಚಿಗಿಂತ ಗಿಡ್ಡ ಅಲ್ಲದ, ಒಳಗೆ ನುಣುಪಾದ ನಳಿಗೆಯ ಕೋವಿ ರಕ್ಷಣೆಗೆ ಅಥವಾ ಕ್ರೀಡೆಗೆ. ಬೆಳೆ ಕಾಯೋಕೆ ಮಾತ್ರ ಬಾಯಿಂದ ಮದ್ದು ತುಂಬುವ ಕೋವಿ, ಅಂದರೆ ನಮ್ಮ ಕೇಪಿನ ಕೋವಿ. ಅದು ಸಾಲದು ಅಂತ ಅಧಿಕಾರಿಗೆ ಮನವರಿಕೆ ಆದರೆ ತೋಟೆ ಹಾಕುವ ಕೋವಿಗೆ ಲೈಸೆನ್ಸ್ ಕೊಡಬಹುದು. ಯೋಚಿಸಿ: ಕೇಪು ಬಂದದ್ದು ಹತ್ತೊಂಬತ್ತನೇ ಶತಮಾನದ ಮೊದಲರ್ಧದಲ್ಲಿ. ಇಪ್ಪತ್ತನೇ ಶತಮಾನದ ರೈತ ರಾತ್ರಿ ಗದ್ದೆಯಲ್ಲಿ ಕೂತು, ನಳಿಗೆ ಬಾಯಿಗೆ ಮದ್ದು ಸುರಿದು, ಚಿಂದಿ ತುರುಕಿ, ಚರೆ ಹಾಕಿ, ಸರಳಲ್ಲಿ ಜಡಿದು, ಕೇಪು ಕೂರಿಸಬೇಕು. ಅಷ್ಟರಲ್ಲಿ ಹಂದಿ ಗೆಣಸು ಮುಗಿಸಿ ಮನೆಗೆ ಹೋಗಿರುತ್ತೆ. ಮಳೆ ಬಂದರಂತೂ ದೇವರೇ ಗತಿ.

ಆಮೇಲೆ ಒಂದರ ಹಿಂದೆ ಒಂದು ಬಾಗಿಲು ಮುಚ್ಚಿದವು. 1972ರ ವನ್ಯಜೀವಿ ಕಾಯ್ದೆಯಿಂದ ಬೇಟೆ ನಿಂತಿತು, ನಿಲ್ಲಲೇಬೇಕಿತ್ತು. ಬೆಳೆ ತಿನ್ನುವ ಹಂದಿಗೂ ಅನುಮತಿ ಇಲ್ಲದೆ ಈಡು ಹೊಡೆಯೋ ಹಾಗಿಲ್ಲ. 1980ರ ದಶಕದಲ್ಲಿ ಖಾಸಗಿಯವರು ವಿದೇಶಿ ಕೋವಿ ಆಮದು ಮಾಡೋದು ನಿಂತಿತು, ಹೆಸರಾಂತ ಶೂಟರುಗಳಂಥ ಕೆಲವರನ್ನು ಬಿಟ್ಟು. ಅಲ್ಲಿಗೆ ದೇಶದೊಳಗಿದ್ದ ಬರ್ಮಿಂಗ್‌ಹ್ಯಾಮ್ ಕೋವಿಗಳ ಲೆಕ್ಕ ಮುಗಿಯಿತು, ಇದ್ದಷ್ಟೇ. ಕೋವಿ ಹಳೇದಾದಷ್ಟೂ ಬೆಲೆ ಏರಿತು. ಇಂಗ್ಲೆಂಡಲ್ಲಿ ಸಾಧಾರಣ ಅನ್ನಿಸಿಕೊಂಡ ಹಳೇ ಬಾಕ್ಸ್ ಲಾಕಿಗೆ ನಮ್ಮಲ್ಲಿ ಮರ್ಯಾದೆ ಜಾಸ್ತಿ ಇರೋದು ಇದಕ್ಕೇ, ಅದೇನೋ ಮಾಂತ್ರಿಕ ಕಬ್ಬಿಣ ಅಂತ ಅಲ್ಲ.

ಕಮ್ಮಿ ದುಡ್ಡಿನವರಿಗೆ ಉಳಿದದ್ದು ದೇಶಿ ಮಾಲು. ಕಲ್ಕತ್ತಾ ಹತ್ತಿರದ ಇಷಾಪುರ ಸರ್ಕಾರಿ ಕಾರ್ಖಾನೆಯದ್ದು, ಜಮ್ಮು ಮತ್ತು ಬಿಹಾರದ ಮುಂಗೇರಿನ ಲೈಸೆನ್ಸ್ ಇರೋ ಖಾಸಗಿ ಕಾರ್ಖಾನೆಗಳದ್ದು. ಮುಂಗೇರ್ ಅಂದ್ರೆ ನ್ಯೂಸಲ್ಲಿ ಕಳ್ಳಕೋವಿ ಊರು ಅಂತ ಮಾತ್ರ ಕೇಳಿರ್ತೀರಿ. ಬಂಗಾಳದ ನವಾಬ ಮೀರ್ ಕಾಸಿಂ 1760ರ ದಶಕದಲ್ಲಿ ರಾಜಧಾನಿಯನ್ನು ಅಲ್ಲಿಗೆ ಒಯ್ದು, ಕಂಪನಿ ವಿರುದ್ಧ ಹೋರಾಡೋಕೆ ಕೋವಿ ಕಾರ್ಖಾನೆ ಕಟ್ಟಿದ. ಆ ಕಮ್ಮಾರಿಕೆಯೇ ಇನ್ನೂ ಉಸಿರಾಡ್ತಿರೋದು.

ಭಾಗ 5

ಇದು ಸರಣಿಯ ಮುಖ್ಯ ಭಾಗ, ಉದ್ದ ಇದೆ, ತಾಳ್ಮೆಯಿಂದ ಓದಿ. ಫೋಟೋದಲ್ಲಿರೋದು ಒಂದು ಜೋಡುನಳಿಗೆಯನ್ನು ಮರದಿಂದ ಬಿಡಿಸಿ ಮಗುಚಿ ಇಟ್ಟಾಗ ಕಾಣೋ ಅಡಿಭಾಗ. ಕೊಳ್ಳೋರು ಮೇಲಿನ ಕೆತ್ತನೆ ನೋಡ್ತಾರೆ. ನೋಡಬೇಕಾದ್ದು ಇಲ್ಲಿ.

ಮೊದಲು '12'. 12 ಬೋರ್ ಅಂದ್ರೆ 12 ಮಿಲಿಮೀಟರ್ ಅಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಮಾಡಿದರೆ, ಒಂದೊಂದು ಗುಂಡು ಹಿಡಿಸುವಷ್ಟು ಅಗಲದ ನಳಿಗೆ. ಸುಮಾರು 18.5 ಮಿ.ಮೀ., ಇಂಚಲ್ಲಿ 0.729. ನಂಬರ್ ದೊಡ್ಡದಾದಷ್ಟೂ ನಳಿಗೆ ಸಣ್ಣದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಆಮೇಲೆ ಕಿರೀಟದ ಮುದ್ರೆಗಳು. ಇಂಗ್ಲೆಂಡಲ್ಲಿ ಮಾರೋ ಮೊದಲು ಪ್ರತಿ ನಳಿಗೆಯಲ್ಲೂ ಮಾಮೂಲಿಗಿಂತ ಜಾಸ್ತಿ ಮದ್ದು ತುಂಬಿ ಹೊಡೆದು ಪರೀಕ್ಷೆ ಮಾಡಬೇಕು, ಇದಕ್ಕೆ ಪ್ರೂಫ್ ಅಂತಾರೆ. ಲಂಡನ್ನಿನಲ್ಲಿ ಇದು 1637ರಿಂದ, ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದ ಇದೆ. ಸಿಡಿಯದೆ ಉಳಿದ ನಳಿಗೆಗೆ ಮುದ್ರೆ. ಪರೀಕ್ಷೆ ಆಗದ್ದನ್ನು ಮಾರಿದರೆ ಅಲ್ಲಿ ಅಪರಾಧ. ಲಿಯೇಜಿನ ಮುದ್ರೆ ಮೊಟ್ಟೆಯಾಕಾರದೊಳಗೆ ಇ.ಎಲ್.ಜಿ. ಅನ್ನೋ ಅಕ್ಷರ.

ಆದರೆ ಯಾವ ಮದ್ದಿಗೆ ಪರೀಕ್ಷೆ? ಇಲ್ಲೇ ಪ್ರಾಣದ ಪ್ರಶ್ನೆ ಇರೋದು. ಹತ್ತೊಂಬತ್ತನೇ ಶತಮಾನದ ಬಹುಪಾಲು ಕೋವಿಗಳು ಕಪ್ಪು ಮದ್ದಿಗೆ ಮಾಡಿದ್ದು, ಹೊಗೆ ಜಾಸ್ತಿ ಬರುವ ಹಳೇ ಮದ್ದು. ಆಮೇಲೆ ಹೊಗೆ ಇಲ್ಲದ ನೈಟ್ರೋ ಮದ್ದು ಬಂತು, ಅದರ ಒತ್ತಡದ ರೀತಿಯೇ ಬೇರೆ. ನೈಟ್ರೋ ಪರೀಕ್ಷೆ ಪಾಸಾದ ಬರ್ಮಿಂಗ್‌ಹ್ಯಾಮ್ ನಳಿಗೆಗೆ 1904ರಿಂದ ಕಿರೀಟದಡಿ ಎನ್.ಪಿ., 1954ರ ನಂತರ ಬಿ.ಎನ್.ಪಿ. ಮುದ್ರೆ ಬಿತ್ತು. ಇವು ಇಲ್ಲದ, ಬರೀ ಹಳೇ ಮುದ್ರೆಯ ಕೋವಿಗೆ ಇವತ್ತಿನ ತೋಟೆ ಹಾಕೋದು ಅಂದ್ರೆ ಎತ್ತಿನಗಾಡಿಗೆ ಲಾರಿ ಇಂಜಿನ್ ಕೂರಿಸಿದ ಹಾಗೆ. 'ನಾಟ್ ಫಾರ್ ಬಾಲ್' ಅಂತ ಕೊರೆದಿದ್ದರೆ ಆ ನಳಿಗೆ 1875ರಿಂದ 1887ರ ನಡುವಿನದ್ದು: ಬಾಯಿ ಕಿರಿದಾಗಿದೆ, ಒಂಟಿ ಗುಂಡು ಹಾಕಬೇಡ ಅಂತ ಎಚ್ಚರಿಕೆ. ಅಂಥದ್ದು ಗೋಡೆಯ ಮೇಲೆ ಚೆಂದ.

ನಳಿಗೆ ಮೇಲೆ ಹಾವಿನ ಪೊರೆಯ ಹಾಗೆ ಅಲೆ ಅಲೆ ಚಿತ್ತಾರ ಕಂಡರೆ ಅದು ಡಮಾಸ್ಕಸ್. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು, ಸರಳಿಗೆ ಸುತ್ತಿ, ಕಾಸಿ ಬಡಿದು ಬೆಸೆದ ನಳಿಗೆ. ನೋಡೋಕೆ ರೇಷ್ಮೆ. ಆದರೆ ಒಂದೊಂದು ಬೆಸುಗೆಯೂ ಒಂದೊಂದು ಅನುಮಾನ, ಒಳಗೆ ತುಕ್ಕು ಹೊಕ್ಕಿದ್ದರೆ ಕಣ್ಣಿಗೆ ಕಾಣಲ್ಲ. ನೈಟ್ರೋ ಪರೀಕ್ಷೆ ಪಾಸಾದ ಡಮಾಸ್ಕಸ್ಸೂ ಇವೆ. ಆದರೂ ಮೊದಲ ಕೋವಿಯಾಗಿ, ಅಗ್ಗಕ್ಕೆ ಸಿಕ್ತು ಅಂತ? ಬೇಡಪ್ಪ.

ಇನ್ನೊಂದು ಬಲೆ, ತೋಟೆ ಕೂರುವ ಗೂಡಿನ ಉದ್ದ. ಹಳೇ ಇಂಗ್ಲಿಷ್ 12 ಬೋರಿನ ಗೂಡು ಸಾಮಾನ್ಯವಾಗಿ ಎರಡೂವರೆ ಇಂಚು, 65 ಮಿ.ಮೀ. ಈಗ ಲೋಕದಲ್ಲೆಲ್ಲ ಮಾಮೂಲಿಯಾಗಿರೋದು ಎರಡೂ ಮುಕ್ಕಾಲು, 70 ಮಿ.ಮೀ. ಮೋಸ ಏನಂದ್ರೆ, 70ರ ತೋಟೆ 65ರ ಗೂಡಿಗೆ ಆರಾಮಾಗಿ ಇಳಿಯುತ್ತೆ! ಯಾಕಂದ್ರೆ ತೋಟೆಯ ಉದ್ದ ಅಳೆಯೋದು ಹೊಡೆದು ಬಾಯಿ ಬಿಚ್ಚಿದ ಮೇಲೆ. ಹೊಡೆದಾಗ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಮುಚ್ಚಿಕೊಳ್ತು ಅಂದಮಾತ್ರಕ್ಕೆ ಸರಿಹೊಂದಿತು ಅಂತ ಅಲ್ಲ.

ಕೊನೆಗೆ, ಒಳಗಡೆ ಕನ್ನಡಿ ಹಾಗೆ ಹೊಳೆಯೋ ಹಳೇ ನಳಿಗೆ ಕಂಡರೆ ಖುಷಿ ಪಡೋ ಮೊದಲು ಅಳೆಸಿ. ತುಕ್ಕಿನ ಗುಳಿ ಕಾಣದಿರಲಿ ಅಂತ ಒಳಗೆ ಉಜ್ಜಿ ಉಜ್ಜಿ ತೆಳು ಮಾಡಿರಬಹುದು. 0.729 ಅಂತ ಮುದ್ರೆ ಇರೋ ನಳಿಗೆ ಈಗ 0.740 ಅಳತೆ ಬಂದರೆ ಆ ಹನ್ನೊಂದು ಸಾವಿರಾಂಶ ಎಲ್ಲಿ ಹೋಯ್ತು? ಗೋಡೆಯಿಂದ ಹೋಯ್ತು. ಬ್ರಿಟನ್ನಿನಲ್ಲಿ ಹತ್ತು ಸಾವಿರಾಂಶ ಇಂಚು ಹಿಗ್ಗಿದರೇ ಹಳೇ ಪ್ರೂಫ್ ಲೆಕ್ಕಕ್ಕಿಲ್ಲ. ಸ್ವಲ್ಪ ಮಂಕಾದ, ಆದರೆ ಯಾರೂ ಕೈಯಾಡಿಸದ ನಳಿಗೆ ಅದಕ್ಕಿಂತ ಎಷ್ಟೋ ವಾಸಿ.

ಭಾಗ 6

ಹಾಗಾದ್ರೆ ಯಾವುದು ತಗೋಬೇಕು ಅಂತ ಕೇಳೋರಿಗೆ (21 ಆದ ಮೇಲೆ, ಲೈಸೆನ್ಸ್ ಬಂದ ಮೇಲೆ, ಇನ್ನೊಂದು ಸಲ ಹೇಳ್ತಿದ್ದೀನಿ) ನನ್ನ ಅಭಿಪ್ರಾಯ ಬೇಸರ ತರಿಸೋದೇ. ಬಡವನ ಮೊದಲ ಕೋವಿಗೆ ಇಷಾಪುರದ ಹಳೇ ಒಂಟಿನಳಿಗೆಯೇ ಸಾಕು. ಕೆತ್ತನೆ ಇಲ್ಲ, ಫೋಟೋಗೆ ಚೆಂದ ಬರಲ್ಲ, ತೂಕ ಬೇರೆ. ಆದರೆ ಡಮಾಸ್ಕಸ್ ಕಾಲ, ಕಪ್ಪು ಮದ್ದಿನ ಕಾಲ ಎರಡೂ ಮುಗಿದ ಮೇಲೆ ಹುಟ್ಟಿದ್ದು, ಒಂದೇ ನಳಿಗೆ ಆದ್ದರಿಂದ ಕೆಡೋಕೆ ಜಾಗವೂ ಕಮ್ಮಿ. ಇಂಗ್ಲಿಷ್ ಜೋಡುನಳಿಗೆ ಆಸೆ ಇದ್ದರೆ ಎನ್.ಪಿ. ಅಥವಾ ಬಿ.ಎನ್.ಪಿ. ಇರೋ ಸಾದಾ ಬಾಕ್ಸ್ ಲಾಕ್ ನೋಡಿ, ಹೆಸರಿನ ಹಿಂದೆ ಹೋಗಬೇಡಿ. ಬಿಗಿಯಾಗಿ ಮುಚ್ಚಿ ಅಲ್ಲಾಡಿಸಿದಾಗ ನಳಿಗೆಯ ಬುಡದಲ್ಲಿ ಲಟಪಟ ಅನ್ನಬಾರದು. ನಳಿಗೆಯನ್ನು ಬಿಡಿಸಿ ತೂಗುಹಾಕಿ ಬೆರಳಿನ ಗೆಣ್ಣಿಂದ ತಟ್ಟಿದರೆ ಗಂಟೆ ಹಾಗೆ ನಾದ ಬರಬೇಕು. ಮಂಕು ಸದ್ದು ಬಂದರೆ ಎರಡು ನಳಿಗೆಯ ನಡುವಿನ ಪಟ್ಟಿ ಎಲ್ಲೋ ಬಿಟ್ಟಿದೆ ಅಂತ.

ಕಾಗದದ ಕಡೆಯೂ ಇತಿಹಾಸವೇ. ಒಬ್ಬರಿಂದ ಒಬ್ಬರು ನೇರವಾಗಿ ಕೊಳ್ಳೋದಾದ್ರೆ ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಠಾಣೆಗೆ ಮೊದಲೇ ತಿಳಿಸಿ 45 ದಿನ ಕಾಯಬೇಕು. ನಳಿಗೆಯ ನಂಬರಿಗೂ ಲೈಸೆನ್ಸ್ ಪುಸ್ತಕದ ನಂಬರಿಗೂ ಒಂದು ಅಂಕಿ ವ್ಯತ್ಯಾಸ ಇದ್ದರೂ ಬಿಟ್ಟುಬಿಡಿ, ಅಜ್ಜನ ಸ್ನೇಹಿತರೇ ಆಗಿರಲಿ. ಮತ್ತೆ ಲೈಸೆನ್ಸಿಗೆ ಮೂರು ಕೋವಿ ಅಂತ 1983ರಲ್ಲಿ ಬಂದ ಮಿತಿಯನ್ನು 2019ರ ತಿದ್ದುಪಡಿ ಎರಡಕ್ಕೆ ಇಳಿಸಿ, ಮೂರನೆಯದನ್ನು ಒಪ್ಪಿಸೋಕೆ ಒಂದು ವರ್ಷ ಕೊಟ್ಟಿತು. ಎಷ್ಟೋ ಮನೆಗಳಲ್ಲಿ ಮೂರರಲ್ಲಿ ಯಾವುದನ್ನು ಬಿಡೋದು ಅಂದಾಗ ಬಿಟ್ಟದ್ದು ಯಾವುದು ಹೇಳಿ? ಅಟ್ಟದ ಮೇಲಿನ, ಯಾರೂ ಹೊಡೆಯದ, ತುಂಬ ಹಳೇದು. ಅಂದರೆ ಈಗ ಅಗ್ಗಕ್ಕೆ ಕೈ ಬದಲಾಗೋ ಕೋವಿಗಳಲ್ಲಿ ಈ ಮೇಲಿನ ಮುದ್ರೆಗಳನ್ನೆಲ್ಲ ಓದಲೇಬೇಕಾದಂಥವು ಸೇರಿಕೊಂಡಿರಬಹುದು.

ನಿಮ್ಮ ಮನೆಯಲ್ಲಿ ಲೈಸೆನ್ಸ್ ಇರೋ ಹಿರಿಯರಿದ್ದರೆ, ಈ ಸಲ ಎಣ್ಣೆ ಹಚ್ಚೋಕೆ ಅವರೇ ಕೋವಿ ಬಿಚ್ಚುವಾಗ ಪಕ್ಕ ಕೂತು ನೋಡಿ. ಖಾಲಿ ಇದೆಯಾ ಅಂತ ಅವರೇ ಎರಡು ಸಲ ನೋಡಲಿ. ನಳಿಗೆ ಅಡಿಯ ಮುದ್ರೆಯ ಫೋಟೋ ತೆಗೆದು, ನಂಬರ್ ಮುಚ್ಚಿ ಕಳಿಸಿ. ಯಾವ ಊರಿನದ್ದು, ಯಾವ ಕಾಲದ್ದು, ಯಾವ ಮದ್ದಿಗೆ ಪರೀಕ್ಷೆ ಆದದ್ದು ಅಂತ ಒಟ್ಟಿಗೆ ಕೂತು ಓದೋಣ. ಮುಂದಿನ ಸರಣಿ ಕೇಪಿನ ಕೋವಿಯದ್ದು, ಅದಕ್ಕೂ ಫೋಟೋ ಬೇಕಾಗಿದೆ.